ಹಸಿರು ಚುಕ್ಕೆಯ ಹಿಂದಿನ ಹೂವು

ಗಂಡ ಮಾತ್ರೆ ನುಂಗಿದ್ದಾನೆ ಎಂದು ತಿಳಿಸುವ ಹಸಿರು ಚುಕ್ಕೆ ಮೊಬೈಲಿನಲ್ಲಿ ಮೂಡಿದ ಹೊತ್ತಿಗೆ ಸರಿಯಾಗಿ ಆ ಗಂಡ ಅವಳ ಕಣ್ಣೆದುರೇ ಇದ್ದ. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತ್ತು. ಕಂಡಕ್ಟರಾದ ಅವಳು ಟಿಕೆಟ್ ಯಂತ್ರವನ್ನು ಎದೆಗೊತ್ತಿಕೊಂಡು ಕಿಟಕಿಯಿಂದ ಬಗ್ಗಿ ನೋಡಿದಳು. ತನ್ನ ಗಾಜಿನ ಅಂಗಡಿಯ ಮುಂದೆ ಅವನು ಆಳೆತ್ತರದ ಕನ್ನಡಿಯೊಂದನ್ನು ಎರಡೂ ಕೈಯಿಂದ ತಬ್ಬಿ ನಿಂತಿದ್ದ. ಫೋನು ಒತ್ತಿ ಚುಕ್ಕೆ ಕಳಿಸಲು ಮೂರನೆಯ ಕೈಯಂತೂ ಅವನಿಗಿರಲಿಲ್ಲ.

ಮೊಬೈಲು ಮತ್ತೆ ಟಿಣ್ ಎಂದಿತು. ದಿನವೂ ಚುಕ್ಕೆಯ ಹಿಂದೆಯೇ ಬರುವ ಗುಲಾಬಿಯ ಚಿತ್ರ.

ಹೋದ ವರ್ಷ ಗಾಜು ಕೊಯ್ಯುತ್ತಿದ್ದಾಗಲೇ ಫಿಟ್ಸ್ ಬಂದು ಅವನು ಮೇಜಿನ ಮೇಲೆ ಬಿದ್ದಿದ್ದ. ತೋಳಿಗೆ ಹದಿನೆಂಟು ಹೊಲಿಗೆ. ಮಾತ್ರೆ ತಪ್ಪಿದರೆ ಮುಂದಿನ ಸಲ ಕುತ್ತಿಗೆಗೇ ಬಂದೀತು ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ನಾಲ್ಕು ತಿಂಗಳು ಅವಳು ರಜೆ ಹಾಕಿ ಕಾವಲು ಕೂತಳು. ಆಮೇಲೆ ಆಸ್ಪತ್ರೆಯವರು ಈ ಏರ್ಪಾಡು ಮಾಡಿಕೊಟ್ಟರು: ಬೆಳಿಗ್ಗೆ ಎಂಟೂವರೆಗೆ ಅವನ ಫೋನು ಕೂಗುವುದು, ನುಂಗಿ ಒತ್ತಿದರೆ ಅವಳಿಗೆ ಚುಕ್ಕೆ. ಅದನ್ನು ನಂಬಿಯೇ ಕೆಲಸಕ್ಕೆ ಮರಳಿದ್ದಳು. ಬಾಯಿಬಿಟ್ಟರೆ ಮುತ್ತು ಉದುರೀತು ಎನ್ನುವಂಥ ಮನುಷ್ಯ ದಿನಾ ಹೂವು ಕಳಿಸುತ್ತಾನಲ್ಲ ಎಂದು ಹಿಗ್ಗಿ ಡ್ರೈವರಣ್ಣನಿಗೂ ತೋರಿಸಿದ್ದಳು.

ಸಂಜೆ, ಅಂಗಡಿಯ ಮೇಲಿನ ಮನೆಗೆ ಬಂದವಳು ಚಪ್ಪಲಿ ಕಳಚುವ ಮೊದಲೇ ಕೇಳಿದಳು. "ಅತ್ತೆ, ಬೆಳಿಗ್ಗೆ ಇವರ ಫೋನು ಯಾರ ಕೈಲಿತ್ತು?"

ಅತ್ತೆ ಒಂದು ಬಿಸ್ಕತ್ತಿನ ಡಬ್ಬಿ ತಂದು ಮುಂದಿಟ್ಟರು. ಒಳಗೆ ಅರ್ಧ ಡಬ್ಬಿಯಷ್ಟು ಬಿಳಿ ಮಾತ್ರೆಗಳು.

"ಔಷಧಿ ಅಲ್ವಾ, ಎಸೆಯೋಕೆ ಮನಸ್ಸು ಬರ್ಲಿಲ್ಲ. ನೀನೇ ತಾನೆ ಹೇಳ್ಕೊಟ್ಟಿದ್ದು, ಅವನ ಕೈ ಕೊಳೆಯಾಗಿದ್ರೆ ನೀವೇ ಒತ್ತಿ ಅಂತ."

"ನುಂಗಿದ ಮೇಲೆ ಒತ್ತಿ ಅಂದಿದ್ದೆ!"

ಗಂಡ ಗೋಡೆ ನೋಡುತ್ತ ಹೇಳಿದ. "ಅಮ್ಮನ್ನ ಏನೂ ಅನ್ಬೇಡ. ನಾನೇ ಹೇಳಿದ್ದು. ಅದನ್ನ ನುಂಗಿದ್ರೆ ಕೈ ನಡುಗುತ್ತೆ ಕಣೇ. ಗಾಜು ನೇರಕ್ಕೆ ಕೊಯ್ಯಕ್ಕಾಗಲ್ಲ."

"ನನಗೆ ಹೇಳ್ಬೋದಿತ್ತಲ್ಲ? ಬೇರೆ ಮಾತ್ರೆ ಕೇಳ್ತಿದ್ವಿ." ಅವಳು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. "ಹೋಗ್ಲಿ, ಆ ಹೂವು?"

"ಯಾವ ಹೂವು?"

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅತ್ತೆ ಡಬ್ಬಿಯ ಮುಚ್ಚಳ ಹಾಕಲು ತಡಕಾಡಿದರು. "ನಿನಗೆ ಸಮಾಧಾನ ಇರ್ಲಿ ಅಂತ..."

ಮಾತ್ರೆಯ ಸುಳ್ಳನ್ನು ಅವಳು ಹೇಗೋ ಸಹಿಸಿಕೊಂಡಾಳು. ಎರಡು ತಿಂಗಳ ಹೂವುಗಳನ್ನು ನೆನೆದಾಗ ಮಾತ್ರ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು.

ಡಾಕ್ಟರು ಸಿಗುವುದು ಮುಂದಿನ ವಾರ ಎಂದು ತಿಳಿಯಿತು. ಅಲ್ಲಿಯವರೆಗೆ ಇದನ್ನೇ ನುಂಗುತ್ತೇನೆ, ತಾನೇ ಒತ್ತುತ್ತೇನೆ ಎಂದು ಗಂಡ ಮಾತು ಕೊಟ್ಟ. ಫೋನು ಈಗ ಅವನ ಜೇಬಿನಲ್ಲೇ ಇರುತ್ತಿತ್ತು. ನಾಲ್ಕು ಸಂಜೆ ಅವನ ಕೈಯ ಲೋಟ ತಟ್ಟೆಗೆ ತಾಗಿ ಕಟಕಟ ಎಂದಿತು. ಪಾಪ ಎನಿಸಿದರೂ ಆ ಸದ್ದು ಅವಳಿಗೆ ನೆಮ್ಮದಿ ಕೊಡುತ್ತಿತ್ತು. ಐದನೆಯ ಸಂಜೆ ಸದ್ದಿರಲಿಲ್ಲ. ಮೈಗೆ ಒಗ್ಗಿರಬೇಕು ಎಂದುಕೊಂಡಳು.

ಆರನೆಯ ದಿನ ಎಂಟೂವರೆಗೆ ಚುಕ್ಕೆ ಬಂತು. ಅದರ ಹಿಂದೆಯೇ, ಅವನೇ ಕಳಿಸಿದ ಮೊದಲ ಹೂವು. ಅವಳ ಮುಖ ಅರಳಿತು. ಸ್ವಲ್ಪ ಹೊತ್ತಿಗೆ ಬಸ್ಸು ಅದೇ ಸಿಗ್ನಲ್ಲಿನಲ್ಲಿ ನಿಂತಿತು. ಅಂಗಡಿಯೊಳಗೆ ಅವನು ಮೇಜಿನ ಮೇಲೆ ಬಗ್ಗಿ ದೊಡ್ಡದೊಂದು ಗಾಜು ಕೊಯ್ಯುತ್ತಿದ್ದ. ಅವಳು ಅವನ ಕೈಯನ್ನೇ ನೋಡಿದಳು. ಈ ಅಂಚಿನಿಂದ ಆ ಅಂಚಿನವರೆಗೆ ಅದು ಒಂದಿಷ್ಟೂ ಅಲುಗದೆ ನೇರವಾಗಿ ಸಾಗಿತು.