ಶೇಕಡಾ ಮೂವತ್ತು

"ಕುಂಚ ನನಗ್ಯಾಕೆ ಕೊಡ್ತೀಯೋ? ಹೊಸ ಯಜಮಾನರ ಕೈಗೆ ಕೊಡು," ಎಂದಳು ಝುಲ್ಮೀರಾ.

ಮೇಸ್ತ್ರಿ ಅದೆಲಿನೊ ಮುಖ ಸಣ್ಣದು ಮಾಡಿಕೊಂಡು ಬಿಳಿ ಬಣ್ಣದ ಡಬ್ಬಿಯನ್ನು ನೆಲಕ್ಕಿಟ್ಟ. ತೊಗಟೆ ಸುಲಿಯುವ ಮೊದಲ ದಿನ, ಮೊದಲ ಕಾರ್ಕ್ ಮರದ ಬರಿಮೈ ಮೇಲೆ ಆ ವರ್ಷದ ಕೊನೆಯ ಅಂಕಿಯನ್ನು ಯಜಮಾನರೇ ಬರೆಯುವುದು ಆ ತೋಪಿನ ರೂಢಿ. ಬರೆದ ಮೇಲೆ ಒಂಬತ್ತು ವರ್ಷ ತುಂಬುವ ತನಕ ಆ ಮರಕ್ಕೆ ಕೊಡಲಿ ತಾಗಿಸುವ ಹಾಗಿಲ್ಲ. ಇರುವಷ್ಟು ದಿನ ಗಂಡ ಕುಸ್ತೋದಿಯೊ ಬರೆದ, ಆಮೇಲೆ ಇವಳು.

"ಅವರು ಕಂಪ್ಯೂಟರಲ್ಲೇ ಬರೆದು ಕಳಿಸ್ತಾರೇನೋ ಅಮ್ಮಾವ್ರೇ."

"ಮೆಲ್ಲಗೆ ಮಾತಾಡು ಮಾರಾಯ. ಅವನಿಗೆ ನಮ್ಮ ಭಾಷೆ ಅರ್ಥ ಆಗತ್ತೆ."

ಅವನು ಎಂದರೆ ಟ್ರೋಲ್ಸ್, ಡೆನ್ಮಾರ್ಕಿನ ಕಂಪನಿಯವನು. ತೋಪು, ಅದರ ತೊಗಟೆಯಿಂದ ಬಾಟಲಿ ಬಿರಡೆ ಮಾಡುವ ಕಾರ್ಖಾನೆ ಎರಡನ್ನೂ ಕೊಳ್ಳಲು ಬಂದಿದ್ದ. ಅವನ ಕಾರಿನಲ್ಲಿ ಎರಡು ಕರಾರುಗಳಿದ್ದವು. ಒಂದರಲ್ಲಿ ಪೂರ್ತಿ ಕಂಪನಿಗೆ. ಇನ್ನೊಂದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ಅವರಿಗೆ, ಮೂವತ್ತು ಝುಲ್ಮೀರಾಳಿಗೇ. ಯಾವುದಕ್ಕೆ ಸಹಿ ಎಂದು ಸಂಜೆಯೊಳಗೆ ಅವನು ಹೇಳಬೇಕಿತ್ತು.

ಝುಲ್ಮೀರಾಳಿಗೆ ಮೂವತ್ತೂ ಬೇಡ, ಮೂರೂ ಬೇಡ. ಗಂಡ ಹೋದಾಗಿನಿಂದ ಒಂದು ಬೇಸಿಗೆಯನ್ನೂ ಅವಳು ನೆಮ್ಮದಿಯಾಗಿ ಕಳೆದಿರಲಿಲ್ಲ. ಸೆತೂಬಲ್‌ನಲ್ಲಿ, ಅಕ್ಕನ ಮನೆಯ ಪಕ್ಕದಲ್ಲೇ ಸಮುದ್ರಕ್ಕೆ ಮುಖಮಾಡಿದ ಎರಡು ಕೋಣೆ ಗೊತ್ತುಮಾಡಿಕೊಂಡಿದ್ದಳು. ಬೀಗದ ಕೈ ಆಗಲೇ ಅವಳ ಜೇಬಿನಲ್ಲಿತ್ತು. ಬೆಳಗಿನಿಂದ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಟ್ರೋಲ್ಸ್ ಮರಗಳ ನಡುವಿನಿಂದ ಬಂದ. "ಪೂರ್ತಿ ಮಾರಿ ಹೋಗ್ತೀನಿ ಅನ್ನೋವ್ರನ್ನ ಕಂಡ್ರೆ ನಮ್ಮ ಆಫೀಸಿನವರಿಗೆ ಭಯ, ದೊನಾ ಝುಲ್ಮೀರಾ. ಒಳಗೆ ಏನೋ ಹುಳುಕಿದೆ, ಅದಕ್ಕೇ ಕೈ ತೊಳ್ಕೋತಿದ್ದಾರೆ ಅಂತಾರೆ."

"ಹುಳುಕು ಇದ್ರೆ ತೋರ್ಸಿ."

"ಅದನ್ನೇ ನೋಡೋಣ ಅಂತ." ಅವನು ಒಂದು ಮರದ ಕಡೆ ಕೈ ತೋರಿಸಿದ. ಕಾಂಡದ ಮೇಲೆ ಒಂಬತ್ತು ಎಂದು ಬರೆದಿತ್ತು. "ಅದನ್ನ ಸುಲಿದು ತೋರಿಸ್ತೀರಾ? ತೊಗಟೆ ಎಷ್ಟು ದಪ್ಪ ಬೆಳೆದಿದೆ ನೋಡ್ಬೇಕು."

"ಅದು ಹತ್ತೊಂಬತ್ತನೇ ಇಸವೀಲಿ ಸುಲಿದಿದ್ದು, ಇನ್ನೂ ಐದೇ ವರ್ಷ ಸಾಹೇಬ್ರೇ!" ಅದೆಲಿನೊ ಗಾಬರಿಯಾದ.

"ಸಂಜೆಗೆ ಹೇಗೂ ನಮ್ಮದಾಗೋ ಮರ." ಟ್ರೋಲ್ಸ್ ನೋಡುತ್ತಿದ್ದುದು ಮೇಸ್ತ್ರಿಯನ್ನಲ್ಲ, ಝುಲ್ಮೀರಾಳನ್ನು.

ಬೇಡವೆಂದರೆ ಏನೋ ಮುಚ್ಚಿಡುತ್ತಿದ್ದಾಳೆ ಎಂದುಕೊಳ್ಳುತ್ತಾನೆ. ಹೂಂ ಎಂದರೆ ಸಮುದ್ರ. ಒಂದು ಮರ ತಾನೇ? ಜೇಬಿನಲ್ಲಿ ಬೀಗದ ಕೈಯನ್ನು ಬಿಗಿಯಾಗಿ ಹಿಡಿದಳು.

"ಹೊಡಿ."

"ಅಮ್ಮಾವ್ರೇ..."

"ಹೊಡಿ ಅಂದ್ನಲ್ಲ!"

ಅವಳು ಮುಖ ತಿರುಗಿಸಿ ನಿಂತಳು. ಆದರೆ ಕಿವಿ ತಿರುಗಿಸಲಾಗುತ್ತದೆಯೇ? ಪಕ್ವವಾದ ತೊಗಟೆ ಕೊಡಲಿಗೆ ಬಾಯಿ ಬಿಡುವಾಗ ಹಳೇ ಬಟ್ಟೆ ಹರಿದ ಹಾಗೆ ಸದ್ದಾಗುತ್ತದೆ. ಇಲ್ಲಿ ಬರೀ ಟಕ್ ಎಂದಿತು. ಕೊಡಲಿ ತೊಗಟೆ ದಾಟಿ ಮರಕ್ಕೇ ಕಚ್ಚಿತ್ತು.

"ನಿಲ್ಸೋ, ಮುಠ್ಠಾಳ!" ಓಡಿಬಂದವಳೇ ಮೇಸ್ತ್ರಿಯ ಕೈಯಿಂದ ಕೊಡಲಿ ಕಿತ್ತುಕೊಂಡಳು. "ಮರ ತೊಗಟೆ ಬಿಟ್ಕೊಡ್ತಿಲ್ಲ, ಗೊತ್ತಾಗಲ್ವಾ?" ಆಮೇಲೆ ಟ್ರೋಲ್ಸ್ ಕಡೆಗೆ ತಿರುಗಿದಳು. "ಸಂಜೆ ಇನ್ನೂ ಆಗಿಲ್ಲ. ಇದು ನನ್ನ ಮರ."

ಸುತ್ತ ಕೆಲಸ ಮಾಡುತ್ತಿದ್ದವರ ಕೈಗಳೆಲ್ಲ ನಿಂತವು. ಟ್ರೋಲ್ಸ್ ಸಿಟ್ಟಾಗಲಿಲ್ಲ. ಹುಡುಕುತ್ತಿದ್ದುದು ಸಿಕ್ಕವನ ಹಾಗೆ ತಲೆಯಾಡಿಸಿದ.

"ಎಪ್ಪತ್ತು ನಮಗೆ, ಮೂವತ್ತು ನಿಮಗೆ. ಇವತ್ತು ಸುಲಿದ ಮರಗಳು ಮತ್ತೆ ಸುಲಿಯೋಕೆ ಬರೋವರೆಗೂ ನೀವು ಇಲ್ಲೇ ಇರ್ಬೇಕು."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ನಾನು ಕಾರು ಹತ್ತಿ ಹೊರಡ್ತೀನಿ. ಮರಕ್ಕೆ ಏಟು ಬಿದ್ರೆ ಹೀಗೆ ಓಡಿಬರೋ ನೀವಿಲ್ಲದ ತೋಪು ನಮಗೆ ಬೇಡ."

ಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಕಾರ್ಖಾನೆ ಮುಚ್ಚಿದರೆ ಇಲ್ಲಿ ನಿಂತವರಲ್ಲಿ ಯಾರ ಮನೆಯ ಒಲೆಯೂ ಉರಿಯುವುದಿಲ್ಲ. ಝುಲ್ಮೀರಾಳಿಗೆ ಅವನ ಮೇಲೆ ಉರಿದುಹೋಯಿತು; ಅದಕ್ಕಿಂತ ಹೆಚ್ಚಾಗಿ ತನ್ನ ಬಾಯಿಯ ಮೇಲೆ. ಇನ್ನೊಂದು ಗಳಿಗೆ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು?

ಕೊಡಲಿ ಕೆಳಗಿಟ್ಟು, ಮರದ ಗಾಯದ ಮೇಲೆ ಅಂಗೈ ಸವರಿದಳು. ಆಮೇಲೆ ಜೇಬಿನೊಳಗೆ ಬೀಗದ ಕೈ ಹಿಡಿದುಕೊಂಡೇ, ಬೆಳಿಗ್ಗೆ ಸುಲಿದಿಟ್ಟ ಮೊದಲ ಮರದ ಹತ್ತಿರ ಹೋದಳು.

"ಡಬ್ಬಿ ತಾರೋ."

ಅದೆಲಿನೊ ತಂದು ಹಿಡಿದ. ಕುಂಚ ಹಿಡಿಯಲು ಅವಳು ಜೇಬಿನಿಂದ ಕೈ ಹೊರಗೆ ತೆಗೆದಳು. ಹಸಿ ಕೆಂಪು ಕಾಂಡದ ಮೇಲೆ ದಪ್ಪಗೆ ನಾಲ್ಕು ಎಂದು ಬರೆದಳು. ಬಣ್ಣ ಕೆಳಗೆ ಇಳಿಯತೊಡಗಿದಾಗ ಹೆಬ್ಬೆರಳಿನಿಂದ ಒರೆಸಿ, ಅಂಕಿಯನ್ನು ಮತ್ತೊಮ್ಮೆ ತಿದ್ದಿದಳು.