ಹಿಮ್ಮಡಿಯ ಮೇಲಿನ ಆಡು

ರಾತ್ರಿ ಬಹಳ ಹೊತ್ತಾದ ಮೇಲೆ ಆ ಮನೆಯಲ್ಲಿ ‘ಟಕ್’ ಎಂದು ಒಂದು ಸಣ್ಣ ಸದ್ದಾಯಿತು. ಒಣಗಿದ ತೊಗರಿಕಟ್ಟಿಗೆ ಮುರಿದರೆ ಆಗುವಷ್ಟೇ ಸದ್ದು. ಇಂದುಮತಿ ಅಕ್ಕೋರು ಮೊದಲು ಬಳೆ ಒಡೆಯಿತೆಂದುಕೊಂಡರಂತೆ. ಆ ವರ್ಷದ ಚಳಿ ಅಂದೇ ಶುರುವಾಗಿತ್ತು. ಅಟ್ಟದ ಮೇಲಿನ ರಗ್ಗು ತೆಗೆಯಲು ಅವರು ಸ್ಟೂಲು ಹತ್ತಿದ್ದರು, ಸ್ಟೂಲು ವಾಲಿತ್ತು. ನೋಡಿದರೆ ಬಳೆಗಳೆಲ್ಲ ಕೈಯಲ್ಲೇ ಇದ್ದವು. ಮುರಿದದ್ದು ಬಲಗಾಲಿನ ಎಲುಬು.

ಆ ಸದ್ದನ್ನು ನಾನು ಕೇಳಲಿಲ್ಲ. ನಾನಿನ್ನೂ ಹುಟ್ಟಿರಲಿಲ್ಲ. ಆದರೆ ಅದು ಆಗದೆ ಹೋಗಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ. ನಾನು ಅಕ್ಕೋರ ಕಾಲಿಗೆ ಹಾಕಿದ ಪ್ಲಾಸ್ಟರು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತಾರೆ.

ಅದಕ್ಕೂ ಮೊದಲು ನಾನು ಪಟ್ಟಣದ ದವಾಖಾನೆಯ ಕಪಾಟಿನಲ್ಲಿ ಒಂದು ಸುರುಳಿಯಾಗಿ ಮಲಗಿದ್ದೆ. ತೆಳ್ಳಗಿನ ಬಟ್ಟೆ, ಅದರ ಮೈತುಂಬ ಬಿಳಿ ಪುಡಿ, ಅಷ್ಟೇ ನಾನು. ಶಾಲೆಯ ಸೀಮೆಸುಣ್ಣಗಳೂ ಇದೇ ಪುಡಿಯವೆಂದು ಆಮೇಲೆ ತಿಳಿಯಿತು. ಒಂದೇ ಕುಲ ನಮ್ಮದು. ಅಚ್ಚಿಗೆ ಬಿದ್ದವರು ಅಕ್ಷರ ಬರೆಯುತ್ತಾರೆ, ಬಟ್ಟೆಗೆ ಬಿದ್ದವರು ಎಲುಬು ಕಾಯುತ್ತಾರೆ.

ಕಾಂಪೌಂಡರ್ ನನ್ನನ್ನು ನೀರಿನಲ್ಲಿ ಅದ್ದಿ, ಹಿಂಡಿ, ಅಕ್ಕೋರ ಕಾಲಿಗೆ ಸುತ್ತಿದ. ಆಗ ನಡೆದದ್ದನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಯಾರೂ ಬೆಂಕಿ ಹಚ್ಚಲಿಲ್ಲ, ಆದರೂ ನನ್ನ ಮೈ ತಾನಾಗಿ ಬೆಚ್ಚಗಾಗತೊಡಗಿತು.

“ಅಯ್ಯ, ಬಿಸಿ ಆಗಾಕತ್ತೈತಲ್ರಿ!” ಎಂದು ಅಕ್ಕೋರು ಗಾಬರಿಯಾದರು.

“ಗಟ್ಟಿ ಆಗೂ ಮುಂದ ಹಂಗs ರಿ,” ಎಂದರು ಡಾಕ್ಟರು. “ಇಲ್ಲಿ ಕೇಳ್ರಿ. ಸಂಕ್ರಮಣ ಆಗೂತನಾ ಈ ಕಾಲು ನೆಲಕ್ಕ ಹಚ್ಚಬ್ಯಾಡ್ರಿ. ಹಚ್ಚಿದ್ರ ಎಲುಬು ಸರೀತೈತಿ, ಮುಂದ ಜನ್ಮಪೂರ್ತಿ ಕುಂಟೂದs. ನೀರೂ ತಾಗಸಬ್ಯಾಡ್ರಿ.”

ನೆಲ ಮತ್ತು ನೀರು. ಹುಟ್ಟುವಾಗಲೇ ನನಗೆ ಎರಡು ಭಯಗಳನ್ನು ಕೊಟ್ಟರು. ನಾನು ಎರಡನ್ನೂ ಎಚ್ಚರದಿಂದ ಕಾಪಾಡಿಕೊಂಡು ಬಂದೆ. ನೀರಿನ ಮಡಕೆ ಎತ್ತುವ ಸದ್ದಾದರೆ ಸಾಕು, ಜೀವ ಬಿಗಿ ಹಿಡಿಯುತ್ತಿದ್ದೆ.

ಅಕ್ಕೋರ ಗಂಡ ಮೌನೇಶ ಪತ್ತಾರರಿಗೆ ಪಟ್ಟಣದಲ್ಲಿ ಚಿನ್ನಬೆಳ್ಳಿ ಕೆಲಸದ ಸಣ್ಣ ಅಂಗಡಿ. ಅವರು ಮನೆಗೆ ಬಂದವರೇ ತಲೆ ಚಚ್ಚಿಕೊಂಡರು. “ರಜಾ ಹಾಕು ಅಂದ್ರ ಒಲ್ಲಿ. ಸಾಲಿ ಏನ್ ನಿನ್ನ ತವರುಮನಿ ಏನು?”

“ಇಬ್ಬರs ಕಲಸವ್ರು ಇರೂ ಸಾಲಿ,” ಎಂದರು ಅಕ್ಕೋರು. “ನಾ ಮನ್ಯಾಗ ಕುಂತ್ರ ಹೆಡ್‌ಮಾಸ್ತರು ಒಬ್ಬರs ಎಲ್ಲಾ ಹುಡುಗೂರ್ನ ಹ್ಯಾಂಗ ನೋಡತಾರ? ಕಾಲಿಲೆ ಪಾಠ ಮಾಡತೀನೇನು?”

ಹೀಗೆ ಪ್ರತಿದಿನ ಮುಂಜಾನೆ ಮೌನೇಶರು ನಮ್ಮಿಬ್ಬರನ್ನೂ ಟಂಟಂ ಗಾಡಿಯಲ್ಲಿ ಕೂರಿಸಿ, ತೋಟದ ಶಾಲೆಯ ಕಟ್ಟೆಯ ಮೇಲೆ ಇಳಿಸಿ ಹೋಗುತ್ತಿದ್ದರು. ಜೊತೆಗೊಂದು ನಾಲ್ಕು ಕಾಲಿನ ವಾಕರ್. ಶಾಲೆಯ ಸುತ್ತ ಕಬ್ಬು. ಕಬ್ಬಿನಾಚೆ ತುಂಬಿ ಹರಿಯುವ ಕೆನಾಲು. ಅದರ ದಂಡೆಯ ಮೇಲಿನ ದಾರಿ ಹಿಡಿದು ತೋಟದ ಮನೆಗಳ ಮಕ್ಕಳು ನಡೆದು ಬರುತ್ತಿದ್ದರು.

ನಾನು ಕಂಡದ್ದು ಒಂದೇ ಋತು. ಜಗತ್ತೆಂದರೆ ಹೀಗೆಯೇ ಎಂದು ನಂಬಿದ್ದೆ. ಹುಲ್ಲಿನ ತುದಿಯಲ್ಲಿ ನೀರಿನ ಮಣಿ ಮೂಡುವುದು, ಬಿಸಿಲು ಬಂದರೆ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು, ಮಾತಾಡಿದರೆ ಬಾಯಿಂದ ಹೊಗೆ ಬರುವುದು. ಮೊದಲ ದಿನ ಆ ಹೊಗೆ ನೋಡಿ, ಈ ಮಕ್ಕಳ ಒಳಗೆ ಒಲೆ ಉರಿಯುತ್ತಿದೆ ಎಂದುಕೊಂಡೆ. ಇವರೂ ನನ್ನ ಹಾಗೆ ತಾವಾಗಿ ಬೆಚ್ಚಗಾಗುವವರು!

ಮಕ್ಕಳಿಗೂ ನಾನು ಬೆರಗೇ.

“ಅಕ್ಕೋರ, ಒಳಗ ಕಾಲು ಐತೇನ್ರಿ?” ಎಂದು ಅಡಿವೆಪ್ಪ ಕೇಳಿದ. ಅವನು ನಾಲ್ಕನೆಯ ಕ್ಲಾಸಿನ ಮಾತಿನಮಲ್ಲ.

“ಇಲ್ಲಲೇ, ಬೆಣ್ಣಿ ಇಟ್ಟೀನಿ. ನೆಕ್ಕತಿಯೇನು?”

ನನ್ನ ಅಂಚಿನಿಂದ ಇಣುಕುವ ಅಕ್ಕೋರ ಬೆರಳುಗಳು ಚಳಿಗೆ ನೀಲಿಯಾಗುತ್ತಿದ್ದವು. ಅಡಿವೆಪ್ಪ ತನ್ನ ಕೆಂಪು ಉಲನ್ ಟೊಪಗಿ ತೆಗೆದು ಅವುಗಳಿಗೆ ತೊಡಿಸಿಬಿಟ್ಟ. ಎಲ್ಲರೂ ನನ್ನ ಮೇಲೆ ಹೆಸರು ಬರೆದರು, ಹೂವು ಬರೆದರು. ಕೊನೆಗೆ ಉಳಿದವಳು ಲಗಮವ್ವ.

ಮೂರನೆಯ ಕ್ಲಾಸಿನ ಈ ಹುಡುಗಿಗೆ ಶಾಲೆಯಲ್ಲಿ ದನಿ ಏಳುತ್ತಿರಲಿಲ್ಲ. ಮನೆಯಲ್ಲಿ ಆಡುಗಳ ಜೊತೆ ಹೊತ್ತು ಮುಳುಗುವವರೆಗೆ ಮಾತಾಡುತ್ತಾಳಂತೆ. ಹಾಜರಿ ಕರೆದಾಗ ಬರೀ ಕೈ ಎತ್ತುವಳು. ಹೆಡ್‌ಮಾಸ್ತರು ಬೈದರೂ ಅಷ್ಟೇ. ಅಕ್ಕೋರು ಮಾತ್ರ ಒತ್ತಾಯ ಮಾಡಲಿಲ್ಲ. ಅವಳ ಹೆಸರು ಬಂದಾಗ ತಲೆ ಎತ್ತಿ ನೋಡುತ್ತಿದ್ದರು, ಕೈ ಕಂಡರೆ ಮುಂದೆ ಹೋಗುತ್ತಿದ್ದರು. ಲಗಮವ್ವ ಎಲ್ಲೂ ಜಾಗವಿಲ್ಲವೆಂದು ನೆಲಕ್ಕೆ ಬಗ್ಗಿ, ನನ್ನ ಹಿಮ್ಮಡಿಯ ಮೇಲೆ ಒಂದು ಆಡು ಬರೆದಳು. ಸಣ್ಣ ಬಾಲ, ನೆಟ್ಟಗಿನ ನಾಲ್ಕು ಕಾಲು. ಮೇಲಿನಿಂದ ನೋಡುವವರಿಗೆ ಅದು ಕಾಣುತ್ತಲೇ ಇರಲಿಲ್ಲ.

ಅವಳ ಅಜ್ಜಿ ನಿಂಗವ್ವಾಯಿ ಒಂದು ದಿನ ಶಾಲೆಗೆ ಬಂದು ನಮ್ಮ ಎದುರೇ ಹೇಳಿ ಹೋಗಿದ್ದಳು. “ನೀವು ಹೇಳತೀರಂತ ಕಳಸಾಕತ್ತೀನ್ರಿ ಅಕ್ಕೋರ. ಕೆನಾಲ ದಂಡಿ ದಾರಿ. ಏನರೆ ಹೆಚ್ಚುಕಡಿಮಿ ಆತಂದ್ರ ಅವತ್ತs ಸಾಲಿ ಬಿಡಸತೀನಿ. ಆಡು ಕಾಯ್ಕೊಂಡು ಇರತಾಳ.”

ಅಕ್ಕೋರು ತಲೆ ಆಡಿಸಿ ಅವಳನ್ನು ಕಳಿಸಿದರು. ಆದರೆ ನನ್ನೊಳಗಿನ ಕಾಲು ಬಿಗಿಯಾದದ್ದು ನನಗೆ ಗೊತ್ತಾಯಿತು.

ಎಳ್ಳಮಾವಾಸ್ಯೆ ಕಳೆದ ಮೇಲೆ ಆ ಮುಂಜಾನೆ ಬಂತು. ಮೌನೇಶರು ನಮ್ಮನ್ನು ಕಟ್ಟೆಯ ಮೇಲೆ ಇಳಿಸಿ ಹೋದ ಸ್ವಲ್ಪ ಹೊತ್ತಿಗೆ ಜಗತ್ತು ಇಲ್ಲವಾಯಿತು. ಮೊದಲು ಕಬ್ಬು ಹೋಯಿತು, ಆಮೇಲೆ ಬೇವಿನ ಮರ, ಆಮೇಲೆ ಧ್ವಜದ ಕಂಬ. ಉಳಿದದ್ದು ನನ್ನ ಬಣ್ಣವೊಂದೇ. ಆಕಾಶವೆಲ್ಲ ಪ್ಲಾಸ್ಟರಾಗಿ ಭೂಮಿಯನ್ನು ಸುತ್ತಿಕೊಂಡ ಹಾಗಿತ್ತು.

ಆ ಬಿಳುಪಿನೊಳಗಿಂದ ಅಳು ಕೇಳಿಸಿತು. “ಅಕ್ಕೋರ! ದಾರಿ ಕಾಣವಲ್ದ್ರೀ!”

ಗಂಟೆ ಹೆಡ್‌ಮಾಸ್ತರರ ಕೋಣೆಯಲ್ಲಿ, ಕೀಲಿ ಅವರ ಜೇಬಿನಲ್ಲಿ, ಅವರು ಇನ್ನೂ ಬಸ್ಸಿನಲ್ಲಿ. ಅಕ್ಕೋರು ವಾಕರ್ ಹಿಡಿದು ಎದ್ದು ನಿಂತು, ದಿನವೂ ಮಾಡುವ ಕೆಲಸವನ್ನೇ ಮಾಡಿದರು. ಹಾಜರಿ ಕರೆದರು. ಅವರಿಗೆ ಅದು ಬಾಯಿಪಾಠ.

“ಅಡಿವೆಪ್ಪಾ!”

“ಹಾಜರ್ರೀ ಅಕ್ಕೋರ!” ಎಲ್ಲೋ ಎಡಗಡೆಯಿಂದ.

“ನನ್ನ ದನಿ ಹಿಡಕೊಂಡು ಬಾ. ಓಡಬ್ಯಾಡ! ಬಾಳವ್ವಾ!”

“ಹಾಜರ್ರೀ!”

“ಮೆಹಬೂಬ!”

ಒಂದೊಂದು ಹೆಸರಿಗೂ ಮಂಜು ಓಗೊಟ್ಟಿತು. ಮೊದಲು ದನಿ, ಆಮೇಲೆ ನೆರಳು, ಆಮೇಲೆ ಟೊಪಗಿ, ಮೂಗು, ನಡುಗುವ ಮಗು. ಅಕ್ಕೋರು ಹೆಸರಿಟ್ಟು ಕರೆದು ಮಕ್ಕಳನ್ನು ಬಿಳುಪಿನಿಂದ ಒಬ್ಬೊಬ್ಬರಾಗಿ ಹುಟ್ಟಿಸುತ್ತಿದ್ದಾರೆ ಎನಿಸಿತು ನನಗೆ.

“ಲಗಮವ್ವಾ!”

ಮಂಜು ಸುಮ್ಮನಿತ್ತು.

“ಆಕಿ ನಮ್ಮ ಹಿಂದs ಇದ್ಲರಿ, ಕೆನಾಲ ದಂಡಿಗೆ,” ಎಂದ ಅಡಿವೆಪ್ಪ. ಅವನ ಮಾತಿನಮಲ್ಲತನ ಆವತ್ತು ಎಲ್ಲೂ ಇರಲಿಲ್ಲ.

ಅಕ್ಕೋರು ಮತ್ತೊಮ್ಮೆ ಕರೆದರು. ಕೇಳುತ್ತ ನಿಂತರು. ಅವರ ಕಾಲು ನನ್ನೊಳಗೆ ತಣ್ಣಗಾಯಿತು. “ಕೈ ಎತ್ತಿರತಾಳ,” ಎಂದರು, ತಮಗಷ್ಟೇ ಕೇಳುವ ಹಾಗೆ. “ನನ್ನ ಕೂಸು ಅಲ್ಲಿ ಕೈ ಎತ್ತಿ ನಿಂತಿರತಾಳ.”

ಆಮೇಲೆ ಮಕ್ಕಳ ಕಡೆ ತಿರುಗಿದರು. “ಎಲ್ಲಾರೂ ಕೈ ಕೈ ಹಿಡ್ಕೊಂಡು ಇಲ್ಲೇ ಕುಂದರ್ರಿ. ಮಗ್ಗಿ ಹೇಳ್ರಿ, ಜೋರಾಗಿ. ನಾ ಹೊಳ್ಳಿ ಬರೂತನಾ ನಿಲ್ಲಸಬ್ಯಾಡ್ರಿ.”

ಕಬ್ಬಿನ ಬದುವಿನ ಹಸಿ ಮಣ್ಣಿನಲ್ಲಿ ವಾಕರಿನ ಕಾಲುಗಳು ಹೂತುಹೋದವು. ಒಮ್ಮೆ ಕಿತ್ತರು, ಮತ್ತೆ ಹೂತವು. ಅಕ್ಕೋರು ಅದನ್ನು ಅಲ್ಲೇ ಬಿಟ್ಟರು. ನನ್ನನ್ನು ಕೆಳಗಿಟ್ಟರು.

ನೆಲ! ಹುಟ್ಟಿದಾಗಿನಿಂದ ಹೆದರಿಕೊಂಡಿದ್ದ ನೆಲ. ಅದು ಮೆತ್ತಗಿತ್ತು, ತಣ್ಣಗಿತ್ತು, ನನ್ನೊಳಕ್ಕೆ ಇಬ್ಬನಿ ಇಳಿಸುತ್ತಿತ್ತು. ಒಳಗೆ ಎಲುಬು ನರಳಿತು. ಅಲುಗದಂತೆ ಹಿಡಿ ಎಂಬುದೊಂದೇ ನನಗೆ ಗೊತ್ತಿದ್ದ ವಿದ್ಯೆ. ಹಿಡಿದೆ. ಅಕ್ಕೋರು ನೋವಿಗೆ ನಿಲ್ಲಲಿಲ್ಲ. ಹೆಜ್ಜೆಗೊಮ್ಮೆ “ಲಗಮವ್ವಾ” ಎನ್ನುತ್ತ ನಡೆದರು. ಹಿಂದೆ ಮಗ್ಗಿ ಸಣ್ಣದಾಗುತ್ತ ಹೋಯಿತು, ಮುಂದೆ ನೀರಿನ ಸದ್ದು ದೊಡ್ಡದಾಗುತ್ತ ಬಂತು.

ಆಗ ಕಂಡಿತು. ಮೊದಲು ಕೈ. ಮಂಜಿನಲ್ಲಿ ಬರೀ ಒಂದು ಪುಟ್ಟ ಕೈ, ಬೆರಳು ಬಿಡಿಸಿ ಮೇಲೆ ಎತ್ತಿದ್ದು. ಅದರ ಕೆಳಗೆ ಲಗಮವ್ವ. ನೋಯುವ ತೋಳಿಗೆ ಇನ್ನೊಂದು ಕೈ ಆಸರೆ ಕೊಟ್ಟು ನಿಂತಿದ್ದಳು. ಅವಳ ಹಿಮ್ಮಡಿಯ ಹಿಂದೆಯೇ ದಂಡೆ ಮುಗಿದು ಕೆನಾಲು ಕಪ್ಪಗೆ ಹರಿಯುತ್ತಿತ್ತು.

“ಹೆಸರು ಕರದದ್ದು ಕೇಳಿಸ್ತ್ರಿ,” ಎಂದಳು ಹುಡುಗಿ. ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. “ಕೈ ಎತ್ತಿನ್ರಿ. ಹಾಜರಿ ಹಾಕಿದ್ರೇನ್ರಿ?”

ಅಕ್ಕೋರು ಆ ಕೈಯನ್ನು ಗಟ್ಟಿಯಾಗಿ ಹಿಡಿದು ದಂಡೆಯಿಂದ ಈಚೆಗೆ ಎಳೆದುಕೊಂಡರು. “ಹಾಕಿದ್ನೆವ್ವಾ. ನಿನ್ನ ಕೈ ಕಂಡs ಬಂದೆ.”

ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಕು. ಆ ಮಗ್ಗಿಯನ್ನು ಹಗ್ಗದ ಹಾಗೆ ಹಿಡಿದು, ದಾರಿಯಲ್ಲಿ ಹೂತಿದ್ದ ವಾಕರ್ ಕಿತ್ತುಕೊಂಡು ನಾವು ಮೂವರೂ ಮರಳಿ ಬಂದೆವು. ಕಟ್ಟೆ ಹತ್ತುವಾಗ ನನ್ನ ತಳ ಬಿರಿಯಿತು. ಅಕ್ಕೋರು ಕುಳಿತು ಸೀರೆಯ ಅಂಚನ್ನು ನನ್ನ ಮೇಲೆ ಎಳೆದುಕೊಂಡರು.

ಬಿಸಿಲೇರಿದ ಮೇಲೆ ಹೆಡ್‌ಮಾಸ್ತರು ಬಂದರು. “ಏನ್ ಮಂಜ್ರೀ ಇದು! ಹುಡುಗೂರು ಎಲ್ಲಾ ಬಂದಾವೇನ್ರಿ ಅಕ್ಕೋರ?”

“ಎಲ್ಲಾ ಹಾಜರ್ರಿ.”

ಸಂಕ್ರಮಣ ಕಳೆಯಿತು. ಡಾಕ್ಟರು ನನ್ನನ್ನು ಉದ್ದಕ್ಕೆ ಕೊಯ್ದು ಎರಡು ಹೋಳು ಮಾಡಿದರು. ತಳದ ಬಿರುಕಿನಲ್ಲಿ ಒಣಗಿದ ಮಣ್ಣು ನೋಡಿ ಹುಬ್ಬು ಗಂಟಿಕ್ಕಿದರು. “ನೆಲಕ್ಕ ಹಚ್ಚಿದ್ರೇನ್ರಿ? ಎಲುಬು ಸೊಟ್ಟ ಕೂಡೇತಿ.”

“ಅಂಗಳದಾಗ ಒಮ್ಮೆ ಜಾರಿತ್ರಿ,” ಎಂದರು ಅಕ್ಕೋರು. ಕೆನಾಲಿನ ಹೆಸರು ಎತ್ತಿದ್ದರೆ ಅದು ನಿಂಗವ್ವಾಯಿಯ ಕಿವಿಗೂ ಮುಟ್ಟುತ್ತಿತ್ತು.

“ನನಗ ಹೇಳಲೇ ಇಲ್ಲ?” ಎಂದರು ಮೌನೇಶರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಅಕ್ಕೋರು ಅವರ ಮುಖ ನೋಡದೆ, ನನ್ನ ಹಿಂದಿನ ಹೋಳನ್ನು ಚೀಲದಲ್ಲಿ ಹಾಕಿಕೊಂಡರು.

ಅಂದಿನಿಂದ ನಾನು ಶಾಲೆಯ ಕಪಾಟಿನಲ್ಲಿ ಸೀಮೆಸುಣ್ಣದ ತಟ್ಟೆಯಾಗಿ ಮಲಗಿದ್ದೇನೆ. ನನ್ನ ಕುಲದವರೆಲ್ಲ ನನ್ನ ಮಡಿಲಲ್ಲಿ ಕುಳಿತು, ಬರೆದು, ಸವೆದು ಹೋಗುತ್ತಾರೆ. ಬೇಸಿಗೆ ಬಂದಾಗ ಜಗತ್ತು ಕೆಟ್ಟಿತೆಂದುಕೊಂಡೆ. ಮಳೆ ಬಂದಾಗ ಮುಗಿಯಿತೆಂದುಕೊಂಡೆ. ಮತ್ತೆ ಚಳಿ ಬಂತು. ಬಾಯಿಂದ ಹೊಗೆ ಬಿಡುವ ಮಕ್ಕಳು ಬಂದರು.

ಹಾಗೊಂದು ಮಂಜಿನ ಮುಂಜಾನೆ ನಿಂಗವ್ವಾಯಿ ತಾನೇ ಮೊಮ್ಮಗಳ ಕೈ ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಅಕ್ಕೋರು ಬೋರ್ಡಿನಿಂದ ಮೇಜಿಗೆ ಕುಂಟುತ್ತ ನಡೆಯುತ್ತಿದ್ದರು.

“ಕಾಲು ಇನ್ನೂ ನೆಟ್ಟಗಾಗಿಲ್ಲೇನ್ರಿ ಅಕ್ಕೋರ? ಡಾಕ್ಟರ್ ಮಾತು ಕೇಳಲಿಲ್ಲ ಕಾಣತೈತಿ.”

“ಚಳಿಗೆ ಹಿಡೀತೈತಿ ಆಯಿ. ಬಿಸಲು ಬಂದ್ರ ಹೋಗತೈತಿ. ಲಗಮವ್ವಾ, ಸೀಮೆಸುಣ್ಣ ತಾ.”

ಲಗಮವ್ವ ಕಪಾಟಿಗೆ ಬಂದಳು. ನನ್ನ ತುಂಬ ಪುಡಿ ಕೂತಿತ್ತು. ಸೀಮೆಸುಣ್ಣಗಳನ್ನು ಪಕ್ಕಕ್ಕಿಟ್ಟು, ಝಾಡಿಸಲೆಂದು ನನ್ನನ್ನು ಬೋರಲು ಮಾಡಿದಳು. ಅವಳ ಆಡು ಅಲ್ಲಿತ್ತು. ಬಾಲ ಇತ್ತು, ಹೊಟ್ಟೆ ಇತ್ತು. ಕಾಲು ಒಂದೂ ಇರಲಿಲ್ಲ. ಅವು ಇದ್ದಲ್ಲಿ ತೇದು ಹೋದ ಬಿಳುಪು, ಬಿರುಕು, ಬಿರುಕಿನ ತುಂಬ ಕೆನಾಲ ದಂಡೆಯ ಕರಿಮಣ್ಣು.

ಅವಳು ಆ ಮಣ್ಣನ್ನು ಬೆರಳಿನಿಂದ ಮುಟ್ಟಿದಳು. ಕುಂಟುವ ಅಕ್ಕೋರನ್ನು ನೋಡಿದಳು. ಬಾಗಿಲಲ್ಲಿ ನಿಂತ ಆಯಿಯನ್ನು ನೋಡಿದಳು. ಅವಳ ಉಸಿರು ಬಿಳಿಯಾಗಿ ಹೊರಬಂದು ನನ್ನ ಮೈಗೆ ತಾಗಿತು, ಬೆಚ್ಚಗೆ, ನಾನು ಹುಟ್ಟಿದ ದಿನದಷ್ಟೇ ಬೆಚ್ಚಗೆ.

“ಏನಾತs?” ಎಂದಳು ನಿಂಗವ್ವಾಯಿ. “ಏನ್ ನೋಡಾಕತ್ತಿ?”

ಲಗಮವ್ವ ಬೆರಳಿನ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡಳು. ಏನೂ ಇಲ್ಲವೆಂದು ತಲೆ ಆಡಿಸಿದಳು. ನನ್ನನ್ನು ಮೊದಲಿನ ಹಾಗೆ ತಿರುಗಿಸಿ, ಆಡನ್ನು ಕೆಳಗೆ ಮಾಡಿ ಇಟ್ಟು, ಸೀಮೆಸುಣ್ಣಗಳನ್ನು ಒಂದೊಂದಾಗಿ ಅದರ ಮೇಲೆ ಜೋಡಿಸಿದಳು.