ಐದು ಇಂಚು

ಜನೀಲ್ ಹಿಮದಲ್ಲಿ ಮಂಡಿಯೂರಿ, ಕೈಗವಸು ಬಿಚ್ಚಿ, ಗಾಡಿಯ ಟ್ರ್ಯಾಕಿನ ಹಿಂಬದಿಗೆ ಅಂಗೈ ಇಟ್ಟು ಅಳೆಯುತ್ತಿದ್ದಳು. ಹಿಮದ ಮೇಲೆ ಓಡುವ ಎರಡು ಸ್ನೋಮೊಬೈಲುಗಳು ಅಕ್ಕಪಕ್ಕ ನಿಂತಿದ್ದವು. ಮೂತಿಯಿಂದ ಆಸನದವರೆಗೆ ಒಂದೇ ಅಚ್ಚು, ಎರಡಕ್ಕೂ ಅದೇ ಟರ್ಬೊ ಎಂಜಿನ್. ವ್ಯತ್ಯಾಸವಿದ್ದದ್ದು ಹೊಟ್ಟೆಯಡಿ ಸುತ್ತುವ ರಬ್ಬರ್ ಟ್ರ್ಯಾಕಿನಲ್ಲಿ ಮಾತ್ರ. ಒಂದರದ್ದು ನೂರ ಐವತ್ತೈದು ಇಂಚು, ಇನ್ನೊಂದರದ್ದು ನೂರ ಅರವತ್ತೈದು.

"ಏನಮ್ಮಾ, ದರ್ಜಿ ಅಂಗಡೀಲಿ ಲಂಗ ಅಳೀತಿದ್ದೀಯಾ?" ಎಂದ ರುಲಾನ್. ಅವನು ಟ್ರೇಲರಿನ ಅಂಚಿಗೆ ಕುಳಿತು ಎಡಗಾಲಿನ ಬೂಟು ಬಿಗಿಯುತ್ತಿದ್ದ.

"ಹತ್ತು ಇಂಚು ಹತ್ತು ಇಂಚು ಅಂತಾರೆ. ನೆಲಕ್ಕೆ ತಾಗೋದು ಐದೇ. ಉಳಿದ ಐದು ಮೇಲುಗಡೆ ಸುಮ್ನೆ ಸುತ್ತುತ್ತಾ ಇರುತ್ತೆ."

"ನನ್ನ ಹೆಂಡ್ತೀನೂ ನನ್ನ ಬಗ್ಗೆ ಅದೇ ಹೇಳೋದು. ಅರ್ಧ ಗಂಡಸು ಕೆಲಸಕ್ಕೆ ಬರ್ತಾನೆ, ಇನ್ನರ್ಧ ಸುಮ್ನೆ ಸುತ್ತುತ್ತೆ ಅಂತ."

ಜನೀಲ್ ನಗಲಿಲ್ಲ. ಒಂದು ಅಂಗೈ, ಅದರ ಪಕ್ಕ ಎರಡು ಬೆರಳು. ಅಷ್ಟೇ ಇತ್ತು ಆ ಐದು ಇಂಚು. ಅವಳು ಕೈಯನ್ನು ಅಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು.

ಕಣಿವೆಯ ಶೋಧ-ರಕ್ಷಣಾ ತಂಡಕ್ಕೆ ಹೊಸ ಗಾಡಿ ಕೊಳ್ಳುವುದು ನಿಶ್ಚಯವಾಗಿತ್ತು. ತಂಡದಲ್ಲಿ ಎಲ್ಲರಿಗಿಂತ ಹಗುರ ಜನೀಲ್, ನೂರ ಇಪ್ಪತ್ತು ಪೌಂಡ್. ಆಳವಾದ ಹಿಮವಿದ್ದಾಗ ಮೊದಲು ಹೋಗುವವಳು ಅವಳೇ. ಹಾಗಾಗಿ ಕ್ಯಾಪ್ಟನ್ ಡೆವಾನ್ ಒಂದೇ ಮಾತಿನಲ್ಲಿ ಮುಗಿಸಿದ್ದ: "ಓಡಿಸೋಳು ನೀನು, ಅಳತೇನೂ ನೀನೇ ಹೇಳು." ಮುಂದಿನ ಚಳಿಗಾಲದ ಗಾಡಿಯನ್ನು ವಸಂತದಲ್ಲೇ ಬರೆಸಿಡಬೇಕು. ಬರೆಸಿದ ಮೇಲೆ ಬದಲಾಯಿಸುವಂತಿಲ್ಲ, ಗಾಡಿ ಕೈಗೆ ಬರುವುದು ನವೆಂಬರಿಗೆ. ಈ ವರ್ಷ ಬರೆಸಲು ಕೊನೆಯ ದಿನ ಇವತ್ತು, ಸಂಜೆ ಆರರವರೆಗೆ. ಏಪ್ರಿಲ್ ತಿಂಗಳ ಕರಗುವ ಅಂಗಳದಲ್ಲಿ ನಿಂತು ಜನವರಿಯ ಹಿಮದ ಆಳವನ್ನು ಊಹಿಸಬೇಕು. ಆಫ್ಟನ್ ಊರಿನ ಗಾಡಿ ಅಂಗಡಿಯವರು ಒಂದು ದಿನದ ಮಟ್ಟಿಗೆ ಎರಡೂ ಅಳತೆಯ ಗಾಡಿಗಳನ್ನು ಕೊಟ್ಟು, ಜೊತೆಗೆ ತಮ್ಮ ಮೆಕ್ಯಾನಿಕ್ ರುಲಾನ್‌ನನ್ನೂ ಕಳಿಸಿದ್ದರು.

"ನಾನು ಯೋಚನೆ ಮಾಡಿ ಬಂದಿದ್ದೀನಿ. ಐವತ್ತೈದೇ ಸರಿ," ಎಂದಳು ಜನೀಲ್, ಜೇಬಿನಿಂದ ಮಡಿಸಿದ ಕಾಗದ ತೆಗೆಯುತ್ತಾ. "ನಮಗೆ ಬರೋ ಕರೆಗಳಲ್ಲಿ ಮುಕ್ಕಾಲು ಪಾಲು ಮರಗಳ ಮಧ್ಯೆ. ಅಲ್ಲಿ ಗಾಡಿ ಚಕ್ ಅಂತ ತಿರುಗ್ಬೇಕು. ಹೂತ್ಕೊಂಡ್ರೆ ಒಬ್ಬಳೇ ಎತ್ತಿ ಎಳ್ಕೋಬೇಕು. ಉದ್ದದ್ದು ಭಾರ, ಹಿಡಿದ ದಾರಿ ಬಿಡಲ್ಲ."

ಗಾಡಿಗಳ ಆಚೆ ನಿಂತಿದ್ದ ಡೆವಾನ್ ಕಾಗದದ ಕಡೆ ನೋಡಿದ. "ಪರೀಕ್ಷೆಗೆ ಓದ್ಕೊಂಡು ಬಂದಂಗಿದೆ."

"ತಪ್ಪಿದ್ರೆ ಹೇಳು."

"ತಪ್ಪಿಲ್ಲ. ಒಂದೂ ತಪ್ಪಿಲ್ಲ."

ಅದೇ ಅವಳನ್ನು ಕಾಡುತ್ತಿತ್ತು. ಬರೆದದ್ದೆಲ್ಲ ನಿಜ. ಆದರೂ ಮೂರು ರಾತ್ರಿ ಅದನ್ನು ಓದಿ ಓದಿ, ಒಂದೊಂದು ಪದ ತಿದ್ದಿ, ಮತ್ತೆ ಮಡಿಸಿಟ್ಟಿದ್ದಳು.

ರುಲಾನ್ ಎದ್ದು, ಸ್ವಲ್ಪ ಕುಂಟುತ್ತಾ ಹೋಗಿ, ಫಾಯಿಲಿನಲ್ಲಿ ಸುತ್ತಿದ ಮೂರು ಬುರಿಟೊ ರೊಟ್ಟಿ ಸುರುಳಿಗಳನ್ನು ತನ್ನ ಸ್ವಂತ ಗಾಡಿಯ ಹೊಗೆಕೊಳವೆಯ ಮೇಲಿನ ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಿದ. ಮೇಲೆ ಹೋಗುವಷ್ಟರಲ್ಲಿ ಬಿಸಿಯಾಗಿರುತ್ತವೆ. ಅವನ ಎಡಗಾಲಿನ ಎರಡು ಬೆರಳು ಇಲ್ಲ. ಎರಡು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ತೊಟ್ಟಿಲು ಎಂದು ಊರವರು ಕರೆಯುವ ಬಟ್ಟಲಿನಂಥ ಕಣಿವೆಯ ಮೇಲಂಚಿನ ಭುಜ ದಾಟಿ ಆಚೆ ಬದಿಗೆ ಉರುಳಿದ್ದ. ಕಾಲು ಮುರಿದಿತ್ತು, ಬೂಟಿನೊಳಗೆ ನೀರು ಹೊಕ್ಕಿತ್ತು. ಸಂಜೆ ಅವನನ್ನು ಹುಡುಕಿ ಮೇಲಕ್ಕೆ ಹೋದವಳು ಜನೀಲ್. ತಂಡದ ಹಳೆಯ ಗಾಡಿ ಗಿಡ್ಡದು, ಟರ್ಬೊ ಇಲ್ಲದ್ದು. ಬೆಟ್ಟದ ಮೈಯಲ್ಲಿ ಒಣಗಿ ನಿಂತ ಪೈನ್ ಮರದ ಹತ್ತಿರ ಅದು ಹೂತುಕೊಂಡಿತು. ಬಿಡಿಸಿಕೊಂಡು ಮತ್ತೆ ಹತ್ತಿದಳು, ಮತ್ತೆ ಹೂತಿತು. ಮೂರನೆಯ ಸಲವೂ ಅಷ್ಟೇ. ಕತ್ತಲಾಯಿತು, ಹಿಂದಿರುಗಿದಳು. ಮರುದಿನ ಬೆಳಿಗ್ಗೆ ಹೆಲಿಕಾಪ್ಟರ್ ಅವನನ್ನು ಎತ್ತಿಕೊಂಡು ಬಂತು; ಅಷ್ಟರಲ್ಲಿ ಆ ಎರಡು ಬೆರಳು ಚಳಿಗೆ ಹೆಪ್ಪುಗಟ್ಟಿ ಸತ್ತಿದ್ದವು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವನು ಮೊದಲು ಹೇಳಿದ ಮಾತು, "ಇನ್ಮೇಲೆ ಕಾಲುಚೀಲ ಕೊಂಡ್ರೆ ರಿಯಾಯಿತಿ ಕೊಡ್ತಾರಾ ಕೇಳ್ಬೇಕು."

ಅಂದಿನಿಂದ ಆ ಸಂಜೆಯ ಬಗ್ಗೆ ಅವರಿಬ್ಬರೂ ಮಾತಾಡಿರಲಿಲ್ಲ. ನಾಲ್ಕನೆಯ ಸಲ ಯಾಕೆ ಪ್ರಯತ್ನಿಸಲಿಲ್ಲ ಎಂದು ಯಾರೂ ಅವಳನ್ನು ಕೇಳಿರಲಿಲ್ಲ.

ಹೊರಡುವ ಮುನ್ನ ಒಬ್ಬೊಬ್ಬರಾಗಿ ಡೆವಾನ್‌ನ ಮುಂದೆ ಹಾದುಹೋದರು. ಎದೆಗೆ ಕಟ್ಟಿದ ಬೀಕನ್ ಬೀಪ್ ಎಂದರೆ ಮುಂದಕ್ಕೆ. ಹಿಮದಡಿ ಸಿಕ್ಕಿಕೊಂಡವರನ್ನು ಹುಡುಕಲು ಆ ಸದ್ದೊಂದೇ ದಾರಿ. ಜನೀಲ್ ತನ್ನದನ್ನು ಎರಡು ಸಲ ಪರೀಕ್ಷಿಸಿದಳು. ಬೆಳಗಿನ ಹಿಮಕುಸಿತದ ಸೂಚನೆಯನ್ನೂ ಎರಡು ಸಲ ಓದಿದ್ದಳು: ಬಿಸಿಲೇರುವವರೆಗೆ ಅಪಾಯ ಕಡಿಮೆ, ಹನ್ನೊಂದರ ನಂತರ ಇಳಿಜಾರುಗಳ ಮೇಲೆ ಇರಬೇಡಿ. ಮೊನ್ನೆ ರಾತ್ರಿ ಸೊಂಟದವರೆಗೆ ಹೊಸ ಹಿಮ ಬಿದ್ದಿತ್ತು. ಏಪ್ರಿಲಿನಲ್ಲಿ ಇಂಥ ಹಿಮ ಅಪರೂಪ.

ಜನೀಲ್, ಡೆವಾನ್ ಹೊಸ ಗಾಡಿಗಳಲ್ಲಿ, ರುಲಾನ್ ತನ್ನದರಲ್ಲಿ, ಒಂಬತ್ತರ ಹೊತ್ತಿಗೆ ತೊಟ್ಟಿಲಿನ ತಳದ ಫರ್ ಮರಗಳ ಗುಂಪನ್ನು ತಲುಪಿದರು. ಕಾಯುವ ಜಾಗ ಅದು. ಮೂರು ಕಡೆ ಬೆಟ್ಟ ಎದ್ದು ನಿಂತಿತ್ತು, ಒಂದು ಗೀರೂ ಇಲ್ಲದೆ. ಡೆವಾನ್ ಎಂದಿನಂತೆ ನಿಯಮ ಹೇಳಿದ: "ಇಳಿಜಾರಿನ ಮೇಲೆ ಒಂದು ಸಲಕ್ಕೆ ಒಬ್ಬರೇ. ಹೂತ್ಕೊಂಡ್ರೆ ತಾವೇ ಬಿಡಿಸ್ಕೋಬೇಕು, ಸಹಾಯಕ್ಕೆ ಅಂತ ಯಾರೂ ಹತ್ತೋ ಹಾಗಿಲ್ಲ. ಉಳಿದೋರು ಕಣ್ಣು ತೆಗೀಬಾರ್ದು."

"ನಾನು ಬುರಿಟೊ ತಿಂತಾ ನೋಡ್ಬಹುದಾ ಕ್ಯಾಪ್ಟನ್?"

"ಅವಳದ್ದು ಬಿಟ್ಟು ತಿನ್ನು."

ಜನೀಲ್ ಮೊದಲು ಐವತ್ತೈದನ್ನು ಹತ್ತಿಸಿದಳು. ಇಷ್ಟು ಎತ್ತರದ ತೆಳು ಗಾಳಿಯಲ್ಲಿ ಹಳೆಯ ಗಾಡಿ ಮೆಟ್ಟಿಲು ಹತ್ತುವ ಮುದುಕನಂತೆ ಏದುಸಿರು ಬಿಡುತ್ತಿತ್ತು. ಇದು ಹಾಗಲ್ಲ. ಟರ್ಬೊ ಸಣ್ಣಗೆ ಸಿಳ್ಳೆ ಹಾಕಿದ್ದೇ ತಡ, ಗಾಡಿ ಅವಳ ತೋಳುಗಳನ್ನು ಎಳೆದುಕೊಂಡು ಮೇಲಕ್ಕೆ ನುಗ್ಗಿತು. ಮೈ ಸ್ವಲ್ಪ ವಾಲಿಸಿದರೆ ಸಾಕು, ತಿರುಗುತ್ತಿತ್ತು. ಹಿಮ ಎದೆಯವರೆಗೆ ಹಾರಿ ಮುಖಕ್ಕೆ ರಾಚಿತು. ಒಣ ಪೈನ್ ಹತ್ತಿರ ಬಂತು. ಅಲ್ಲಿ ಬೆಟ್ಟ ನೆಟ್ಟಗಾಗುತ್ತದೆ. ಅವಳು ಥ್ರಾಟಲ್ ಪೂರ್ತಿ ಒತ್ತಿದಳು. ಹಿಂಭಾಗ ಕುಸಿಯಿತು, ಬಲ ಹೆಚ್ಚಿದಷ್ಟೂ ಟ್ರ್ಯಾಕ್ ತನ್ನ ಕೆಳಗೆ ತಾನೇ ತೋಡಿಕೊಂಡಿತು. ಮೂರು ಎಣಿಸುವಷ್ಟರಲ್ಲಿ ಗಾಡಿ ಬಾಲ ಹೂತು, ಮೂತಿಯನ್ನು ಆಕಾಶಕ್ಕೆ ಎತ್ತಿ ನಿಂತಿತು.

ಎಂಜಿನ್ ಆರಿಸಿದಳು. ಎಡಗಡೆ ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ಅದೇ ಮರ, ತೊಗಟೆ ಸುಲಿದು ಬೂದು ಬಣ್ಣಕ್ಕೆ ತಿರುಗಿದ್ದು. ಸಲಿಕೆ ಬಿಚ್ಚಿ ಅಗೆಯತೊಡಗಿದಳು. ಕೆಳಗೆ ಎರಡು ಕಪ್ಪು ಚುಕ್ಕೆಗಳು ಅಲುಗದೆ ನಿಂತಿದ್ದವು. ಯಾರೂ ಹತ್ತಲಿಲ್ಲ. ಅದು ನಿಯಮ. ಆದರೂ ಮೇಲೆ ಹರಡಿದ ಅಷ್ಟೊಂದು ಬಿಳುಪಿನ ಕೆಳಗೆ ಒಬ್ಬಳೇ ಅಗೆಯುವಾಗ ಅವಳು ಮತ್ತೆ ಮತ್ತೆ ತಲೆಯೆತ್ತಿ ನೋಡಿದಳು.

ಹದಿನೈದು ನಿಮಿಷದ ಮೇಲೆ ಕೆಳಗಿಳಿದು ಬಂದಳು. ಡೆವಾನ್ ಬಾಯಿ ತೆರೆಯುವ ಮೊದಲೇ ಅರವತ್ತೈದರ ಮೇಲೆ ಕೂತಳು.

"ನೀರಾದ್ರೂ ಕುಡಿಯೇ," ಎಂದ ರುಲಾನ್.

"ಬಿಸಿಲು ಬರುತ್ತೆ," ಎಂದು ಹೊರಟಳು.

ಉದ್ದದ ಗಾಡಿ ಅವಳ ಮಾತು ಕೇಳಲಿಲ್ಲ. ಅವಳು ಎಡಕ್ಕೆ ವಾಲಿದರೆ ಒಂದು ಕ್ಷಣ ತಡೆದು, ಮನಸ್ಸಿಲ್ಲದ ಮನಸ್ಸಿನಿಂದ ತಿರುಗಿತು. ಮರಗಳ ನಡುವೆ ಎರಡು ಸಲ ಕಾಂಡಕ್ಕೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು. ಕಾಗದದಲ್ಲಿ ಬರೆದದ್ದು ಸುಳ್ಳಲ್ಲ ಎಂದುಕೊಳ್ಳುತ್ತಲೇ ಬಯಲಿಗೆ ಬಂದಳು. ಬೆಟ್ಟ ಕಡಿದಾಯಿತು. ಪೈನ್ ಬಂತು. ಅವಳು ಹಿಂಭಾಗ ಕುಸಿಯುವುದನ್ನು ಕಾದಳು. ಕುಸಿಯಲಿಲ್ಲ. ಗಾಡಿ ಹಿಮದ ಮೇಲೆ, ನೀರಿನ ಮೇಲೆ ದೋಣಿ ಹೋಗುವಂತೆ, ಒಂದೇ ಸಮನೆ ಏರಿತು. ಮರ ಪಕ್ಕಕ್ಕೆ ಬಂತು, ಹಿಂದಾಯಿತು. ಎರಡು ವರ್ಷದಿಂದ ಅವಳ ಪ್ರಪಂಚ ಮುಗಿಯುತ್ತಿದ್ದ ಜಾಗ ಬೆನ್ನ ಹಿಂದೆ ಉಳಿದುಬಿಟ್ಟಿತು. ಆಮೇಲೆ ಭುಜದ ಅಂಚು; ಅದರಾಚೆ ಬರೀ ಆಕಾಶ.

ಭುಜ ಹತ್ತಿದ ಮೇಲೆ ಎಂಜಿನ್ ಆರಿಸಿದಳು.

ಮೊದಲು ಏನೂ ಕೇಳಿಸಲಿಲ್ಲ. ಕಿವಿಯೊಳಗಿನ ರಕ್ತದ ಸದ್ದು ನಿಂತ ಮೇಲೆ, ಗಾಳಿಯಲ್ಲಿ ತೇಲುವ ಹಿಮದ ಹರಳುಗಳು ಒಂದಕ್ಕೊಂದು ತಾಗಿದಂತೆ ಬಹಳ ಸಣ್ಣ ಸದ್ದೊಂದು ಕೇಳಿತು, ಅಥವಾ ಕೇಳಿದ ಹಾಗಾಯಿತು. ಮುಂದೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು, ನೀಲಿ ತಿಳಿಯಾಗುತ್ತಾ ಹೋಗಿ, ಉತ್ತರದ ತುದಿಯಲ್ಲಿ ಟೀಟನ್ ಶಿಖರಗಳು ಒಡೆದ ಗಾಜಿನ ಚೂರಿನಂತೆ ನಿಂತಿದ್ದವು. ಇದೆಲ್ಲ ಯಾರೂ ನೋಡದಿದ್ದರೂ ಹೀಗೇ ಇರುತ್ತದೆ. ಅವಳು ಹೆಲ್ಮೆಟ್ ತೆಗೆದಳು. ಯಾಕೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಚರ್ಚಿನೊಳಗೆ ಕಾಲಿಡುವಾಗ ಗಂಡಸರು ಟೊಪ್ಪಿ ತೆಗೆಯುವ ಹಾಗೆ ಕೈ ತಾನಾಗಿ ಹೋಗಿತ್ತು.

ಆಮೇಲೆ ಕೆಳಗೆ ನೋಡಿದಳು. ಆಚೆ ಬದಿಯಲ್ಲಿ ಒಂಟಿ ಸ್ಪ್ರೂಸ್ ಮರ. ಅದರ ಕೆಳಗಿನ ಕೊಂಬೆಗಳು ಮುರಿದಿದ್ದವು. ರುಲಾನ್ ಅವನ್ನೇ ಮುರಿದು ಹಾಸಿಕೊಂಡು ಮಲಗಿದ್ದನೆಂದು ಹೆಲಿಕಾಪ್ಟರಿನವರು ಹೇಳಿದ್ದರು. ಅರ್ಧ ಮೈಲಿಯಾದರೂ ಇರಬೇಕೆಂದು ಅವಳು ಎರಡು ವರ್ಷ ನಂಬಿಕೊಂಡು ಬಂದಿದ್ದಳು. ಮರ ಅವಳಿಂದ ನಲವತ್ತು ಹೆಜ್ಜೆ ದೂರದಲ್ಲಿತ್ತು.

ಕೆಳಗೆ ಬಂದಾಗ ಡೆವಾನ್ ಗಾಡಿಯ ಸುತ್ತ ಒಂದು ಸುತ್ತು ಬಂದ. "ಪೈನ್ ಮರಕ್ಕೆ ಟಾಟಾ ಮಾಡಿದ್ಯಾ?" ಎಂದವನು ಅವಳ ಮುಖ ನೋಡಿ, ಬೆಲ್ಟು ಪರೀಕ್ಷಿಸುವ ನೆಪದಲ್ಲಿ ಇನ್ನೊಂದು ಗಾಡಿಯ ಕಡೆ ಹೋದ.

ರುಲಾನ್ ಬಿಸಿ ಬುರಿಟೊ ಅವಳ ಕೈಗಿಟ್ಟು, ಫ್ಲಾಸ್ಕಿನ ಮುಚ್ಚಳಕ್ಕೆ ಕೋಕೋ ಬಗ್ಗಿಸಿದ. "ನನ್ನ ಹೋಟ್ಲು ನೋಡಿದ್ಯಾ?"

"ನೋಡ್ದೆ." ಅವಳು ಫಾಯಿಲನ್ನು ಬಿಚ್ಚಲಿಲ್ಲ. "ಅಲ್ಲಿಂದ ನನ್ನ ಗಾಡಿ ಸದ್ದು ಕೇಳಿಸ್ತಾ ನಿಮಗೆ? ಆವತ್ತು?"

"ಕೇಳಿಸ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ." ಅವನು ಕೋಕೋ ಊದಿ ಒಂದು ಗುಟುಕು ಕುಡಿದ. "ಮೂರು ಸಲ ಹತ್ತಿದೆ. ಎಣಿಸ್ತಾ ಇದ್ದೆ. ಮಾಡೋದಕ್ಕೆ ಬೇರೆ ಕೆಲಸ ಇರ್ಲಿಲ್ಲ ನೋಡು."

"ನಾಲ್ಕನೇ ಸಲ ಹತ್ತಿದ್ದಿದ್ರೆ..."

"ನಾಲ್ಕನೇ ಸಲ ಹತ್ತದೇ ಇರ್ಲಿ ಅಂತ ಬೇಡ್ಕೊಂಡೆ." ಅವನು ಮುಚ್ಚಳ ಹಿಡಿದ ಕೈಯಿಂದಲೇ ಭುಜದ ಅಂಚು ತೋರಿಸಿದ. "ನಾನಿದ್ದಲ್ಲಿಂದ ಆ ಅಂಚು ಕಾಣೋದು. ಇಡೀ ದಿನ ಗಾಳಿ ಹಿಮ ತಂದು ತಂದು ಪೇರಿಸಿ, ಅಲೆ ಥರ ಬಾಗಿತ್ತು, ಸೀದಾ ನಿನ್ನ ತಲೆ ಮೇಲೆ. ಇನ್ನೇನು ಕುಸಿದು ಬೀಳೋ ಹಾಗಿತ್ತು. ನಿನಗೆ ಕಾಣ್ತಿರ್ಲಿಲ್ಲ. ಕೂಗ್ದೆ. ಆ ಸದ್ದಲ್ಲಿ ಎಲ್ಲಿ ಕೇಳ್ಸುತ್ತೆ. ಆಮೇಲೆ ನಿನ್ನ ಎಂಜಿನ್ ದೂರ ದೂರ ಹೋಯ್ತು. ಸದ್ಯ, ಒಬ್ಬಳು ಮನೆಗೆ ಹೋದ್ಲು ಅಂದ್ಕೊಂಡೆ. ಬೆಳಗಿನವರೆಗೂ ಅದೇ ಸದ್ದು ಕಿವೀಲಿತ್ತು. ಅದಿಲ್ದಿದ್ರೆ ನಿದ್ದೆ ಹೋಗ್ತಿದ್ದೆ."

ಜನೀಲ್ ಫಾಯಿಲಿನ ಅಂಚನ್ನು ಉಗುರಿನಿಂದ ಗೀರುತ್ತಾ ನಿಂತಳು. ಕೋಕೋ ಮೇಲೆ ಕೆನೆ ಕಟ್ಟಿತು.

"ಉದ್ದದ್ದು ಇದ್ರೆ," ಎಂದಳು ಕೊನೆಗೆ, ಪದ ಹುಡುಕುತ್ತಾ, "ಗಾಡಿ ಹತ್ತಲ್ಲ ಅಂತ ಹೇಳೋಕಾಗಲ್ಲ. ಅಲ್ಲಿಗೆ ಹೋಗುತ್ತೆ ಅದು. ನನ್ನ ಹಿಂದೆ ತಂಡದೋರ್ಯಾರೂ ಬರೋಕಾಗಲ್ಲ."

"ಭಯ ಆಗುತ್ತಾ?"

"ಹೂಂ."

"ಇರ್ಲಿ ಬಿಡು. ಗಾಡಿಗಂತೂ ಇಲ್ಲ ಅದು. ಇಬ್ಬರಲ್ಲಿ ಒಬ್ಬರಿಗಾದ್ರೂ ಇರ್ಬೇಕಲ್ಲ." ಅವನು ಫಾಯಿಲ್ ಕಡೆ ಬೆರಳು ತೋರಿಸಿದ. "ತಿನ್ನು. ಮೂರನೇದರ ಮೇಲೆ ಕ್ಯಾಪ್ಟನ್ ಕಣ್ಣು ಹಾಕ್ತಿದಾನೆ."

ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಬಿಸಿಲು ತೊಟ್ಟಿಲಿನ ಮೇಲಂಚಿಗೆ ತಾಗಿತ್ತು. ಡೆವಾನ್ ಬೇಡಿಕೆಯ ಹಾಳೆಯನ್ನು ಗಾಡಿಯ ಮೂತಿಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಕೈ ಊರಿ ನಿಂತ. ಎಲ್ಲ ತುಂಬಿತ್ತು, ಒಂದು ಚೌಕ ಮಾತ್ರ ಖಾಲಿ. ಜನೀಲ್ ಕೈಗವಸು ಬಿಚ್ಚಿ ಪೆನ್ಸಿಲ್ ತೆಗೆದುಕೊಂಡಳು. ಬೆರಳು ಮರಗಟ್ಟಿದ್ದರಿಂದ ನಿಧಾನವಾಗಿ, ಮಕ್ಕಳು ಕಾಪಿ ಬರೆಯುವಂತೆ, ಒಂದು, ಆರು, ಐದು ಎಂದು ಬರೆದಳು. ತನ್ನ ಮಡಿಸಿದ ಕಾಗದವನ್ನು ಮತ್ತೆ ತೆಗೆಯಲಿಲ್ಲ.

ಡೆವಾನ್, ರುಲಾನ್ ಇಬ್ಬರೂ ಎಂಜಿನ್ ಚಾಲೂ ಮಾಡಿದರು. ಅವಳು ಒಮ್ಮೆ ತಿರುಗಿ ನೋಡಿದಳು. ಬೆಟ್ಟದ ಮೈಮೇಲೆ ಎರಡು ಗೆರೆಗಳು ಅಕ್ಕಪಕ್ಕ ಏರಿದ್ದವು. ಒಂದು ಒಣ ಮರದ ಬುಡದ ಗುಂಡಿಯಲ್ಲಿ ಮುಗಿದಿತ್ತು. ಇನ್ನೊಂದು ಅದನ್ನು ದಾಟಿ, ತೆಳ್ಳಗಾಗುತ್ತಾ, ಆಕಾಶದವರೆಗೆ ಹೋಗಿತ್ತು. ಬಿಸಿಲಿಗೆ ಸಡಿಲವಾದ ಹಿಮ ಮೇಲಿನಿಂದ ಸಕ್ಕರೆಯಂತೆ ಸಣ್ಣಗೆ ಜಾರಿಬಂದು, ಸದ್ದಿಲ್ಲದೆ, ಗುಂಡಿಯೊಳಗೆ ತುಂಬಿಕೊಳ್ಳುತ್ತಿತ್ತು.